ಚಿತ್ರದಿಂದ ಸರಿದು ನಿಂತವನು

"ಗುರುಗಳೇ, ನನ್ನ ಅಕ್ಕ ಮತ್ತೆ ಬಂದಿದ್ದಾಳೆ. ಹೋಗಿ ನೋಡಲೋ, ಬೇಡವೋ?" ಎಂದು ಮರುಳಸಿದ್ಧ ಕೇಳಿದ.

ಅವನು ಮಠ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಈ ಅಕ್ಕ. ಹಿಂದೆ ಎರಡು ಸಲ ಬಂದಾಗಲೂ ಅವನು ಮುಖ ತೋರಿಸದೆ, ಧ್ಯಾನಕ್ಕೆ ಕೂತಿದ್ದೇನೆಂದು ಹೇಳಿಸಿ ವಾಪಸು ಕಳಿಸಿದ್ದ. ಈಗ ಅವಳು ಬುತ್ತಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಮಠದ ಹೆಬ್ಬಾಗಿಲಿನಲ್ಲಿ ಕೂತಿದ್ದಳು. ಅವಳನ್ನು ಕಂಡರೆ ಮನಸ್ಸು ಮನೆಯ ಕಡೆ ಎಳೆಯುತ್ತದೆ, ಕಷ್ಟಪಟ್ಟು ಕಟ್ಟಿಕೊಂಡ ಏಕಾಗ್ರತೆ ಕೈತಪ್ಪಿಹೋಗುತ್ತದೆ ಎಂಬುದು ಅವನ ಭಯ. ಗುರುಗಳು ಬೇಡವೆಂದೇ ಹೇಳುತ್ತಾರೆಂದು ಅವನು ನಂಬಿದ್ದ.

ಗುರುಗಳು ಕೂತುಕೋ ಎಂದು ಸನ್ನೆ ಮಾಡಿ ಕತೆ ಶುರುಮಾಡಿದರು.

ಒಂದು ಜಂಕ್ಷನ್ ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿ ಮಾಡುವವನಿದ್ದ. ಹೊಟ್ಟೆಪಾಡಿಗೆ ಗಡಿಯಾರ, ಜೀವವೆಲ್ಲ ಗೂಡ್ಸ್ ರೈಲಿನ ಮೇಲೆ. ಲೋಕದ ಜನ ಮದುವೆ ಮುಂಜಿಗಳ ಫೋಟೋ ತೆಗೆಸುತ್ತಾರೆ. ಈ ಪುಣ್ಯಾತ್ಮ ಅದಿರು ಹೇರಿಕೊಂಡು ಹೋಗುವ ವ್ಯಾಗನ್‌ಗಳ ಫೋಟೋ ತೆಗೆಯುತ್ತಿದ್ದ. ಆ ಫೋಟೋಗಳನ್ನು ಮುಂದಿಟ್ಟುಕೊಂಡು, ಮನೆಯ ಅಟ್ಟದ ಮೇಲೆ ಒಂದು ದೊಡ್ಡ ಹಲಗೆ ಹಾಸಿ, ತಂತಿಯ ಹಳಿ, ತಗಡಿನ ವ್ಯಾಗನ್, ಬಣ್ಣ ಹಾಕಿದ ಮರದಪುಡಿಯ ಹುಲ್ಲು, ಹೀಗೆ ಆ ಊರಿನ ರೈಲುದಾರಿಯನ್ನೇ ಪುಟ್ಟದಾಗಿ ಕಟ್ಟುತ್ತಿದ್ದ. ವ್ಯಾಗನ್‌ನ ತುಕ್ಕಿನ ಬಣ್ಣಕ್ಕಾಗಿ ಚಹಾದ ಡಿಕಾಕ್ಷನ್ ಬಳಿಯುತ್ತಿದ್ದನಂತೆ. ಹೆಂಡತಿ ಬೈಯುತ್ತಿದ್ದಳು, ಅವನು ಕೇಳಿಸಿಕೊಳ್ಳುತ್ತಿರಲಿಲ್ಲ.

ಗೂಡ್ಸ್ ರೈಲಿಗೆ ಜನರ ಕೈಗೆ ಸಿಗುವ ವೇಳಾಪಟ್ಟಿ ಇರುವುದಿಲ್ಲ. ಬಂದಾಗ ಬಂತು, ಹೋದಾಗ ಹೋಯಿತು. ಅಂಗಡಿ ಬಿಟ್ಟು ಹಗಲೆಲ್ಲ ಹಳಿ ಕಾಯುತ್ತ ಕೂತರೆ ಮನೆಯಲ್ಲಿ ಒಲೆ ಉರಿಯಬೇಕಲ್ಲ. ಆದರೆ ಅವನಿಗೆ ಒಬ್ಬ ಅಣ್ಣನಿದ್ದ. ಆ ಅಣ್ಣ ರೈಲ್ವೆಯಲ್ಲಿ ಕೀಮನ್. ದಿನಾ ಬೆಳಿಗ್ಗೆ ಸುತ್ತಿಗೆ, ಬಾವುಟ ಹಿಡಿದು ಹಳಿಯುದ್ದಕ್ಕೂ ನಡೆಯುತ್ತ, ಸಡಿಲವಾದ ಕೀಲುಗಳನ್ನು ಬಡಿದು ಬಿಗಿಮಾಡುವುದು ಅವನ ಕೆಲಸ. ರೈಲ್ವೆ ಗೇಟು ಕಾಯುವವನನ್ನು ಕೇಳಿ, ಗೂಡ್ಸ್ ಹೊರಟಿದೆಯೆಂದು ತಿಳಿದ ಕೂಡಲೇ ಅವನು ತಮ್ಮನಿಗೆ ಹೇಳಿಕಳಿಸುತ್ತಿದ್ದ. ತಮ್ಮ ಸೈಕಲ್ ತುಳಿದುಕೊಂಡು ಊರಾಚೆಯ ತಿರುವಿಗೆ ಓಡುತ್ತಿದ್ದ, ಹೊಲದ ಬದುವಿನ ಮೇಲೆ ಕ್ಯಾಮೆರಾ ಹಿಡಿದು ನಿಲ್ಲುತ್ತಿದ್ದ.

ತಮ್ಮನದೊಂದು ಕಟ್ಟುನಿಟ್ಟು. ಚಿತ್ರದಲ್ಲಿ ಮನುಷ್ಯ ಇರಕೂಡದು. ಮನುಷ್ಯನಿದ್ದರೆ ನೋಡುವವರ ಕಣ್ಣು ಮೊದಲು ಅವನ ಮೇಲೆ ಬೀಳುತ್ತದೆ, ರೈಲು ಹಿಂದಾಗುತ್ತದೆ. ಈ ಮಾತು ಸುಳ್ಳೂ ಅಲ್ಲ. ಮೊದಮೊದಲು ಅಣ್ಣ ಹಳಿಯಿಂದಿಳಿದು ಪಕ್ಕದಲ್ಲೇ ನಿಂತು ರೈಲು ನೋಡುತ್ತಿದ್ದ. ತಮ್ಮ ಬದುವಿನಿಂದಲೇ ಕೈ ಬೀಸಿ, ಅಡ್ಡ ಬರಬೇಡ, ಆಚೆ ಸರಿ ಎಂದು ಕೂಗುತ್ತಿದ್ದ. ಆಮೇಲೆ ಕೂಗುವುದೇ ಬೇಕಾಗಲಿಲ್ಲ. ರೈಲಿನ ಸದ್ದು ಕೇಳಿದ ಕೂಡಲೇ ಅಣ್ಣ ತಾನಾಗಿಯೇ ಇಳಿಜಾರಿನಲ್ಲಿಳಿದು ಜಾಲಿ ಪೊದೆಯ ಹಿಂದೆ ಕೂತುಬಿಡುತ್ತಿದ್ದ. ಇದರಿಂದ ಅವನಿಗೆ ಬೇಸರವಿತ್ತೆ? ಇರಲಿಲ್ಲ. ತಮ್ಮನ ಫೋಟೋಗಳನ್ನು ತನ್ನ ಜೊತೆಯವರಿಗೆಲ್ಲ ತೋರಿಸಿ ಮೆರೆಯುತ್ತಿದ್ದ.

ವರ್ಷಗಳು ಕಳೆದವು. ಅಟ್ಟದ ಮೇಲಿನ ರೈಲುದಾರಿ ಮುಗಿಯಿತು. ಇದೇ ಹುಚ್ಚು ಹಿಡಿದವರು ಬೇರೆ ಊರುಗಳಿಂದ ಬಂದು ನೋಡಿ, ಒಂದು ಕೂದಲೆಳೆಯಷ್ಟೂ ಕೊರತೆಯಿಲ್ಲ ಎಂದು ತಲೆದೂಗಿದರು. ತಮ್ಮ ಹಿಗ್ಗಿಹೋದ. ಹಿಗ್ಗುವುದು ನ್ಯಾಯವೇ.

ಅಣ್ಣನಿಗೆ ನಿವೃತ್ತಿಯ ತಿಂಗಳು ಬಂತು. ಒಂದು ಸಂಜೆ ಅವನೂ ಸ್ನಾನ ಮಾಡಿ, ಮಡಿಕೆ ಮುರಿಯದ ಅಂಗಿ ತೊಟ್ಟು ಅಟ್ಟ ಹತ್ತಿದ. ಹಲಗೆಯ ಸುತ್ತ ನಿಧಾನವಾಗಿ ನಡೆದ. ತಾನು ದಿನಾ ತಿರುಗಿದ ಹಳಿ, ಮೋರಿ, ಗೇಟು, ಎಲ್ಲವನ್ನೂ ಗುರುತು ಹಿಡಿದ. ತಿರುವಿನ ಹತ್ತಿರ ಬಂದವನು ಸೊಂಟ ಬಗ್ಗಿಸಿ, ಕತ್ತು ಓರೆಮಾಡಿ, ಪುಟ್ಟ ಜಾಲಿ ಪೊದೆಯ ಹಿಂದಕ್ಕೆ ಇಣುಕಿದ. ಏನು ಹುಡುಕುತ್ತಿದ್ದೀಯೆಂದು ತಮ್ಮ ಕೇಳಿದ.

"ಎಲ್ಲಾ ಛಲೋ ಮಾಡೀಯಪ್ಪಾ," ಎಂದ ಅಣ್ಣ. "ಜಾಲಿ ಹಿಂದ ನನ್ನ ಕುಂದರ್ಸೀಯೇನೋ ಅಂತ ನೋಡಿದೆ."

ಅವನು ನಗುತ್ತಲೇ ಹೇಳಿದ. ತಮ್ಮನಿಗೆ ಮಾತ್ರ ಆ ಮಾತು ಎದೆಗೆ ನಾಟಿತು. ಅಣ್ಣ ಹೋದ ಮೇಲೆ ಅವನು ತಗಡಿನ ಚೂರು ತೆಗೆದುಕೊಂಡು ಉಗುರಿನಷ್ಟು ಪುಟ್ಟದೊಂದು ಗೊಂಬೆ ಮಾಡಲು ಕೂತ. ಕೈ ಓಡಲಿಲ್ಲ. ರೈಲು ಹೋಗುವಾಗ ಅಣ್ಣ ಹೇಗೆ ನಿಲ್ಲುತ್ತಾನೆ? ಸುತ್ತಿಗೆ ಹೆಗಲ ಮೇಲೋ, ಕಾಲ ಬಳಿಯೋ? ಬಾವುಟ ಯಾವ ಕೈಯಲ್ಲಿ? ಪ್ರತಿಯೊಂದು ವ್ಯಾಗನ್‌ನ ಬಾಗಿಲ ಕೊಂಡಿಯೂ ಬಾಯಿಪಾಠವಾಗಿದ್ದವನಿಗೆ ಇದು ಗೊತ್ತಿರಲಿಲ್ಲ. ಫೋಟೋಗಳ ರಾಶಿಯನ್ನೆಲ್ಲ ಕೆದಕಿದ. ಅಣ್ಣ ಹೇಳಿಕಳಿಸದೆ ತೆಗೆದ ಫೋಟೋ ಅದರಲ್ಲಿ ಒಂದೂ ಇರಲಿಲ್ಲ, ಅಣ್ಣನಿರುವ ಫೋಟೋವೂ ಒಂದೂ ಇರಲಿಲ್ಲ.

ಮರುದಿನ ಅಣ್ಣನನ್ನು ಅಂಗಳದಲ್ಲಿ ನಿಲ್ಲಿಸಿ ನೋಡಿದ. ಅಣ್ಣ ಮದುವೆಗೆ ಹೆಣ್ಣು ನೋಡಲು ಬಂದವನಂತೆ ಸೆಟೆದು ನಿಂತ. ಅದು ಹಳಿಯ ಪಕ್ಕದ ಅಣ್ಣನಲ್ಲ. ಹಾಗಾದರೆ ಇನ್ನು ತಿರುವಿನಲ್ಲೇ, ರೈಲು ಹೋಗುವಾಗಲೇ ಹಿಡಿಯಬೇಕೆಂದು ತಮ್ಮ ನಿಶ್ಚಯಿಸಿದ. ತಿಂಗಳು ಮುಗಿದ ಮೇಲೆ ಅಣ್ಣ ಸುತ್ತಿಗೆ, ಬಾವುಟ ಒಪ್ಪಿಸಿಬಿಡುತ್ತಾನೆ, ಆಮೇಲೆ ಹಳಿಯ ಮಗ್ಗುಲಲ್ಲಿ ಅವನಿಗೆ ಜಾಗವಿಲ್ಲ. ತಮ್ಮ ಅಂಗಡಿಗೆ ಬೀಗ ಹಾಕಿ ಬದುವಿನ ಮೇಲೆ ಕಾದ. ಗೂಡ್ಸ್ ರೈಲುಗಳಿಗೆ ಇವನ ಅವಸರ ಗೊತ್ತೇ? ಬಂದರೆ ಅಣ್ಣ ದೂರದಲ್ಲೆಲ್ಲೋ ಇರುತ್ತಿದ್ದ. ಅಣ್ಣ ತಿರುವಿಗೆ ಬಂದರೆ ರೈಲಿರುತ್ತಿರಲಿಲ್ಲ.

ಅಣ್ಣನ ಕೆಲಸದ ಕಡೆಯ ದಿನ ಎರಡೂ ಕೂಡಿಬಂದವು. ತಮ್ಮ ಮೊದಲೇ ಹೇಳಿಟ್ಟಿದ್ದ: ಇವತ್ತು ಬಚ್ಚಿಟ್ಟುಕೊಳ್ಳಬೇಡ, ಮೊದಲು ನಿಲ್ಲುತ್ತಿದ್ದೆಯಲ್ಲ, ಅಲ್ಲೇ ನಿಲ್ಲು. ಅಣ್ಣ ಆಗಲೆಂದು ತಲೆಯಾಡಿಸಿ ಹಳಿಯಿಂದಿಳಿದು ನಿಂತ. ರೈಲು ಕೂಗಿತು. ತಮ್ಮ ಕಣ್ಣಿಗೆ ಕ್ಯಾಮೆರಾ ಹಿಡಿದ. ಎಂಜಿನ್ ತಿರುವು ಹೊಕ್ಕಿತು, ತಮ್ಮ ಗುಂಡಿ ಒತ್ತಿದ. ಅಷ್ಟರೊಳಗೆ ಅಣ್ಣನ ಕಾಲು ಇಳಿಜಾರಿನಲ್ಲಿ ಇಳಿದು ಜಾಲಿಯ ಹಿಂದೆ ಸೇರಿಯಾಗಿತ್ತು.

ರೈಲು ಹೋಯಿತು. ಅಣ್ಣ ಮುಳ್ಳು ಕೊಡವಿಕೊಳ್ಳುತ್ತ ಮೇಲೆ ಹತ್ತಿ ಬಂದ.

"ನಿಂದರಬೇಕು ಅಂತನ ಇದ್ದೆ. ಕಾಲು ತಾವ ಹೋದವು," ಎಂದ. ಆಮೇಲೆ ಕೇಳಿದ: "ಚಿತ್ರಕ್ಕ ನಾ ಏನೂ ಅಡ್ಡ ಬರಲಿಲ್ಲಲ್ಲ?"

ಇಲ್ಲ ಎಂದ ತಮ್ಮ. ಹಾಗೆಂದವನೇ ಮುಖ ತಿರುಗಿಸಿಕೊಂಡು ಅತ್ತುಬಿಟ್ಟ. ಚಿತ್ರವೇನೋ ಅದ್ಭುತವಾಗಿ ಬಂದಿತ್ತು. ಎಂಜಿನ್‌ನಿಂದ ಹಿಡಿದು ಕೊನೆಯ ವ್ಯಾಗನ್‌ವರೆಗೆ ಇಡೀ ರೈಲು ಬಿಲ್ಲಿನ ಹಾಗೆ ಬಾಗಿ ನಿಂತಿತ್ತು. ನೋಡಿದವರೆಲ್ಲ ನಿನ್ನ ಕೈಯಿಂದ ಇಂಥದ್ದು ಇನ್ನೊಂದು ಬಂದಿಲ್ಲ ಎಂದು ಹೊಗಳಿದರು. ಅವನು ಅದನ್ನು ಗೋಡೆಗೆ ಹಾಕಲಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿ ಶಲ್ಯ ಸರಿಪಡಿಸಿಕೊಂಡರು. ಮರುಳಸಿದ್ಧ, ಆ ತಮ್ಮ ಕೊನೆಗೆ ಅಣ್ಣನ ಗೊಂಬೆ ಮಾಡಿದನೇ ಎಂದು ಕೇಳಿದ. ಗುರುಗಳು ಹೆಬ್ಬಾಗಿಲಿನ ಕಡೆ ನೋಡಿದರು.

"ನಿನ್ನ ಅಕ್ಕನಿಗೆ ಸರಿದು ನಿಲ್ಲುವುದು ಇನ್ನೂ ಅಭ್ಯಾಸವಾಗಿಲ್ಲ ಕಣೋ, ಬಾಗಿಲಲ್ಲೇ ಕೂತಿದ್ದಾಳೆ," ಎಂದರು.

ಮರುಳಸಿದ್ಧ ಎದ್ದು ಹೆಬ್ಬಾಗಿಲಿನ ಕಡೆ ನಡೆದ.