ಸಿಹಿಬಾವಿ ಕುದ್ರು

ಹೊಳೆ ಕಡಲು ಸೇರುವಲ್ಲಿರುವ ನಮ್ಮ ನಡುಗಡ್ಡೆ ಸಿಹಿಬಾವಿ ಕುದ್ರುವಿಗೆ ದೋಣಿಯಲ್ಲಿ ಬಂದಿಳಿಯುವವರು ಹೆಸರು ನಂಬಿ ಬಾವಿಯ ನೀರು ಬಾಯಿಗೆ ಹಾಕುತ್ತಾರೆ, ಥೂ ಎಂದು ಉಗುಳುತ್ತಾರೆ. ಉಗುಳಲಿ. ಬಾವಿಯ ಸುತ್ತ ಆಳೆತ್ತರ ನಿಂತ ಜರಿಗಿಡವನ್ನು ನೋಡಲು ಕಣ್ಣಿರಲಿಲ್ಲವೇ? ಅದು ಗುಡ್ಡದ ಜರಿಯಲ್ಲ, ಉಪ್ಪುಕೆಸರಿನಲ್ಲಿ ಬೆಳೆಯುವ ಉಪ್ಪುಜರಿ. ಎಲೆ ಚರ್ಮದಷ್ಟು ದಪ್ಪ. ಗುಡ್ಡದ ಜರಿಯ ಎಲೆ ಮಗುಚಿದರೆ ಬಿಡಿಬಿಡಿ ಚುಕ್ಕೆ. ಇದರ ತುದಿಯೆಲೆ ಮಗುಚಿದರೆ ಬೆನ್ನು ತುಂಬ ತುಕ್ಕಿನ ಬಣ್ಣ. ಬುಡದ ಎಲೆಗಳು ಮಾತ್ರ ಎರಡೂ ಕಡೆ ಬರೀ ಹಸಿರು. ಮೋಸ ಹುಟ್ಟಿದ್ದೇ ಅಲ್ಲಿ.

ಹಿಂದೆ ಒಮ್ಮೆ ಇಲ್ಲಿ, ಉಪ್ಪುಜರಿ ನಿಂತ ನೆಲ ಚಿಪ್ಪು ಹೆಕ್ಕುವವರದು, ಉಳಿದ ಸಿಹಿನೆಲ ಗದ್ದೆಯವರದು ಎಂಬ ಕಟ್ಟಳೆ ಇತ್ತು ಎನ್ನುತ್ತಾರೆ. ಊರಿನ ಅರ್ಧ ಗದ್ದೆ ನುಂಗಿದ್ದ ಅಂತಪ್ಪ ಹೆಗ್ಡೆಯ ಕಣ್ಣು ಈ ಕುದ್ರುವಿನ ಮೇಲೂ ಬಿತ್ತು. ಹೊಟ್ಟೆಬಾಕ! ಊರ ಹತ್ತು ಸಮಸ್ತರು ನೆಲ ಯಾರದೆಂದು ನೋಡಲು ಬರುವ ಮುಂಚೆಯೇ ಆಳು ಬಿಟ್ಟು ಉಪ್ಪುಜರಿಯ ಒಂದೊಂದು ಗರಿಯ ತುದಿಯನ್ನೂ ಕೊಯ್ಸಿ ಹೊಳೆಗೆ ಎಸೆಯಿಸಿದ. ಅವರು ಮಗುಚಿದ ಎಲೆಗಳಲ್ಲೆಲ್ಲ ಹಸಿರೇ. ಆ ಕೆಸರಿನ ಚಿಪ್ಪಿನಿಂದಲೇ ಮಕ್ಕಳ ಹೊಟ್ಟೆ ಹೊರೆಯುತ್ತಿದ್ದ ದುಗ್ಗಿ, "ಎಲೆಯ ದಪ್ಪ ಮುಟ್ಟಿ ನೋಡಿ, ಕೊಯ್ದ ಗಾಯ ನೋಡಿ" ಎಂದು ಅರಚಿದಳು. ದನ ಮೇಯ್ದದ್ದು ಎಂದ ಹೆಗ್ಡೆ. ಅವನ ಮನೆಯ ಊಟ ಉಂಡವರಿಗೆ ಗಾಯ ಕಾಣುವುದುಂಟೇ? ಇದು ಸಿಹಿನೆಲವೆಂದು ದೇವರ ಮೇಲೆ ಆಣೆ ಹಾಕಿ ಕುದ್ರು ಗೆದ್ದ.

ಆಣೆಯಿಂದ ನೆಲ ಗೆದ್ದವನು ಅಲ್ಲೇ ಬಾವಿ ತೋಡಿ, ಅದೇ ನೀರು ಕುಡಿದು ಬಾಳಬೇಕು. ಬೇರೆ ನೀರು ಮುಟ್ಟಿದರೆ ನೆಲ ಹೋಯಿತು, ಅದೂ ಕಟ್ಟಳೆಯೇ. ಮಳೆಗಾಲದಲ್ಲಿ ತೋಡಿದ ಬಾವಿ ಹೇಗೋ ಸಿಹಿಯಾಗಿತ್ತು. ಬಿಸಿಲು ಏರಿದಂತೆ ಉಪ್ಪು ಏರಿತು. ದುಗ್ಗಿ ದಿನವೂ ಬಾವಿಕಟ್ಟೆಗೆ ಬಂದು ಕೂತಳು. "ಸಿಹಿ ಅಂದ್ರಲ್ಲ ಹೆಗ್ಡೇರೇ, ಕುಡಿನಿ ಕಾಂಬ!" ಅವನು ಕುಡಿದ. ಮುಖ ಕಿವುಚದೆ "ಸಿಹಿ" ಎಂದ. ಪೈರು ಕರಟಿತು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ನಡೆದಳು, ಅವನು ಮಾತ್ರ ಕುದ್ರು ಬಿಡಲಿಲ್ಲ. ನಾಲಿಗೆ ಒಣಗಿ ಬಿದ್ದವನು ಕೊನೆಗೆ ದುಗ್ಗಿಯನ್ನೇ ಒಂದು ಗುಟುಕು ಸಿಹಿನೀರು ಬೇಡಿದನಂತೆ. "ಸಿಹಿನೀರಾ? ನಿಮ್ಮ ಬಾವೀಲೇ ಉಂಟಲ್ಲ" ಎಂದು ಅದನ್ನೇ ಸೇದಿ ತಂದು ಬಾಯಿಗೆ ಹೊಯ್ದಳು. ಅದೇ ಅವನ ಕೊನೆಯ ಗುಟುಕಾಯಿತು. ಅಂದಿನಿಂದ ಇದು ಸಿಹಿಬಾವಿ. ದುಗ್ಗಿ ಮಾಡಿದ್ದು ಪಾಪ ಎನ್ನುವವರಿದ್ದಾರೆ, ನಾನು ಎನ್ನುವುದಿಲ್ಲ.

ಈಗ ಉಪ್ಪುಜರಿ ಬಾವಿಕಟ್ಟೆಯವರೆಗೂ ಬೆಳೆದಿದೆ. ತುದಿಯೆಲೆ ಮಗುಚಿದರೆ ಅದೇ ತುಕ್ಕು. ಆ ತುದಿಯನ್ನು ಇಲ್ಲಿ ಯಾರೂ ಕೊಯ್ಯುವುದಿಲ್ಲ. ಬಂದವರೆಲ್ಲ ನೀರು ಉಗುಳುತ್ತಾರೆ. ಹೆಗ್ಡೆಯ ಮನೆತನದವರು ಬಂದರೆ ಮಾತ್ರ, ನಾವು ನೋಡುತ್ತಿದ್ದೇವೆಂದು ಗೊತ್ತಿದ್ದು, ನುಂಗಿಯೇ ಹೋಗುತ್ತಾರೆ.