ಹನಿ ಚೆಲ್ಲದ ಗಾಡಿ

ಯಾರು ಏನೇ ಅಂದರೂ ಎರಡು ಕೈ ಜೋಡಿಸಿ "ನೀವು ಹೇಳಿದ್ದೇ ಖರೆ" ಅನ್ನುವುದು ಮುರಿಗೆಪ್ಪನ ರೂಢಿ. ಹೊಗಳಿದವರಿಗೂ ಅದೇ ಮಾತು, ಬೈದವರಿಗೂ ಅದೇ ಮಾತು. ಹಾಲು ಹಾಕುವವಳು ನೀರು ಬೆರೆಸಿ ತಂದು "ಎಮ್ಮಿ ಇಂಥಾದ್ದ ಕೊಡತೈತ್ರಿ" ಅಂದರೂ ಕೈ ಜೋಡಿಸುತ್ತಿದ್ದ. ಮಠಕ್ಕೆ ಬರುವ ಜನ ಅದನ್ನು ಕಂಡು, ಈತ ಸಂಸಾರದಲ್ಲಿದ್ದೂ ಸಂತ ಎನ್ನುತ್ತಿದ್ದರು.

ಬರುವ ಹುಣ್ಣಿಮೆಗೆ ದೀಕ್ಷೆ ಪಡೆದು, ಹೆಂಡತಿ, ಸಂಸಾರ ಬಿಟ್ಟು, ಮಠದಲ್ಲೇ ಉಳಿಯಬೇಕೆಂಬುದು ಅವನ ಆಸೆ. ಗುರುಗಳು ಹೂಂ ಅನ್ನುವುದೊಂದೇ ಬಾಕಿಯಿತ್ತು. ಒಂದು ಬೆಳಗ್ಗೆ ಪೂಜೆ ಮುಗಿದ ಮೇಲೆ ಅವನು ಗುರುಗಳ ಮುಂದೆ ಕುಳಿತು ಕೇಳಿದ:

"ಅಪ್ಪಾವ್ರ, ತಮ್ಮಂದಿರು ಮನಿ ಕೇಳಿದರು, ಬಿಟ್ಟುಕೊಟ್ಟೆ. ಬಾವಿ ಕೇಳಿದರು, ಅದನ್ನೂ ಕೊಟ್ಟೆ. ನಡುಬೀದಿಯಾಗ ನಿಂತು ಬೈದರು, ತಲಿ ತಗ್ಗಿಸಿದೆ. ಇಷ್ಟೆಲ್ಲಾ ತಗ್ಗಿದರೂ ನನಗ ಒಂದು ಪೆಟ್ಟೂ ತಾಕಿಲ್ಲ. ಒಳಗ ಮೆತ್ತಗೈತಿ, ಏನೂ ಅಲುಗಾಟಿಲ್ಲ. ನಾನು ದೀಕ್ಷಾಕ್ಕ ತಕ್ಕವ ಆದೆನೋ ಇಲ್ಲೋ?"

ಗುರುಗಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೆಣಸಿನಕಾಯಿ ವ್ಯಾಪಾರಿಯಿದ್ದ. ವ್ಯಾಪಾರ ಕೈ ಹಿಡಿಯಿತು. ಅವನೊಂದು ದೊಡ್ಡ ಎಸ್‌ಯುವಿ ಕೊಂಡ. ಒಳಗೆ ಮೂರು ಸಾಲು ಸೀಟು. ಆ ಊರಿನಲ್ಲಿ ಅಷ್ಟು ಎತ್ತರದ ಗಾಡಿ ಇನ್ನೊಂದಿರಲಿಲ್ಲ.

ವ್ಯಾಪಾರಿಗೆ ತಾಯಿಯಿದ್ದಳು. ಗಂಡ ಸತ್ತ ಮೇಲೆ ಕಂಡವರ ಅಂಗಡಿಯ ಮುಂದೆ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿದು ಮಗನನ್ನು ಬೆಳೆಸಿದವಳು. ಅವಳ ಮೊಣಕಾಲು ಸವೆದಿದ್ದವು. ಗಾಡಿಯ ಪೂಜೆಯ ದಿನ ಅವಳು ಗಾಡಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ಇನ್ನೊಂದು ಕಾಲು ನೆಲ ಬಿಟ್ಟು ಏಳಲಿಲ್ಲ. ಬಾಗಿಲು ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ನೆರೆದವರಲ್ಲಿ ಯಾರೋ ಕೂಗಿದರು:

"ಲೇ, ಮುದುಕಿಗೆ ಏಣಿ ತರ್ರೋ!"

ಜನ ನಕ್ಕರು. ತಾಯಿಯೂ ನಕ್ಕಳು. ಆಮೇಲೆ ಎಲ್ಲಿಗೆ ಕರೆದರೂ "ನೀವು ಹೋಗಿ ಬರ್ರಿ, ಮನಿ ಕಾಯಾಕ ಒಬ್ಬರು ಬೇಕಲ್ಲ" ಎನ್ನತೊಡಗಿದಳು.

ಇದು ವ್ಯಾಪಾರಿಯ ಎದೆಗೆ ಚುಚ್ಚಿತು. ಗಾಡಿ ಮಾರಲು ಮನಸ್ಸಿಲ್ಲ, ತಾಯಿಯನ್ನು ಬಿಟ್ಟು ತಿರುಗಲೂ ಮನಸ್ಸಿಲ್ಲ. ಅವ್ವ ಏರುವುದು ಬೇಡ, ಗಾಡಿಯೇ ಇಳಿಯಲಿ ಎಂದು ಗ್ಯಾರೇಜಿಗೆ ಹೋದ.

ಮೆಕ್ಯಾನಿಕ್ ಗಾಡಿಯ ಅಡಿಗೆ ಹೋಗಿ ನೋಡಿ ಬಂದ.

"ಇಳಸಬಹುದ್ರಿ ಸಾವ್ಕಾರ್ರ. ಈಗಿರೋ ಸ್ಪ್ರಿಂಗ್ ತಗದು ಗಿಡ್ಡನ್ನ ಹಾಕಬೇಕು. ಆದರ ಗಿಡ್ಡ ಸ್ಪ್ರಿಂಗಿಗೆ ಕುಗ್ಗಾಕ ಜಾಗ ಕಡಿಮಿ. ಹಂಗಾಗಿ ಅದು ಬಿರುಸು ಇರಬೇಕು."

"ಬಿರುಸಾದರ ಕುಂತವರಿಗೆ ಕುಲುಕತೈತೇನು?"

"ಒಂದೀಟು ಕುಲುಕೇ ಕುಲುಕತೈತ್ರಿ."

"ಹಂಗಾದರ ಮಾಡಿ ಏನು ಬಂತೋ ಮಾರಾಯ? ನಮ್ಮವ್ವ ಹತ್ತುವಂಗೂ ಇರಬೇಕು, ಕುಂತರ ಮೆತ್ತಗೂ ಇರಬೇಕು. ಎರಡೂ ಮಾಡು."

"ಮೆತ್ತಂದು ಹಾಕಿದರ, ಹಿಂದ ಭಾರ ಬಿದ್ದಾಗ ಸ್ಪ್ರಿಂಗ್ ಪೂರಾ ಕುಗ್ಗಿ ತಳಕ್ಕ ಬಡೀತೈತಿ. ಕಡೀ ಸೀಟಿನಾಗ ಯಾರು ಕುಂದರ್ತಾರ?"

"ಯಾರೂ ಇಲ್ಲ. ಮುಂದ ನಾನು, ನಡುವ ನಮ್ಮವ್ವ. ಅಷ್ಟ."

ಮೆಕ್ಯಾನಿಕ್ ತಲೆ ಕೆರೆದುಕೊಂಡ. ಬಂದ ಕೆಲಸ ಕಳೆದುಕೊಳ್ಳಲು ಅವನಿಗೂ ಇಷ್ಟವಿರಲಿಲ್ಲ. "ಹಿಂದ ಯಾರೂ ಕುಂದರ್ದಿದ್ದರ ನಡೀತೈತಿ ಬಿಡ್ರಿ" ಎಂದು ಒಪ್ಪಿಕೊಂಡ. ಗಿಡ್ಡ ಸ್ಪ್ರಿಂಗ್ ಹಾಕಿದ, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಹಾಕಿದ. ಮುಂದಿನ ಸ್ಪ್ರಿಂಗ್ ಹದವಾಗಿದ್ದವು, ಹಿಂದಿನವು ಮೆತ್ತಗಿದ್ದವು.

ಗಾಡಿ ಇಳಿಯಿತು. ವ್ಯಾಪಾರಿ ಒಂದು ಲೋಟದಲ್ಲಿ ಕಂಠಮಟ್ಟ ಮಜ್ಜಿಗೆ ತುಂಬಿಸಿಕೊಂಡು ಮುಂದಿನ ಸೀಟಿನಲ್ಲಿ ಕುಳಿತ. "ಹೊಡಿ" ಎಂದು ಡ್ರೈವರನಿಗೆ ಹೇಳಿದ. ಊರು ಸುತ್ತಿ ಬಂದರೂ ಒಂದು ಹನಿ ಚೆಲ್ಲಲಿಲ್ಲ. ಆಮೇಲೆ ತಾಯಿಯನ್ನು ಕರೆದ. ಅವಳು ಯಾರ ಕೈಯನ್ನೂ ಹಿಡಿಯದೆ ಹತ್ತಿ, ನಡುವಿನ ಸೀಟಿನಲ್ಲಿ ಕುಳಿತು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೆಂಗೈತಿ ಅವ್ವಾ?"

"ತೊಟ್ಟಿಲದಾಗ ಕುಂತಂಗೈತಪ್ಪಾ."

ಅಂದು ಅದು ತೊಟ್ಟಿಲಿನಂತೆಯೇ ಇತ್ತು. ಮಗ ಮಾಡಿದ್ದು ಒಳ್ಳೆಯದೇ.

ಆದರೆ ಅಲ್ಲಿಂದ ಮುಂದೆ ವ್ಯಾಪಾರಿಗೆ ಅದೊಂದೇ ಮಾತಾಯಿತು. ಅಂಗಡಿಗೆ ಬಂದವರಿಗೆಲ್ಲ "ಅವ್ವನ ಸಲುವಾಗಿ ಆನಿಯಂಥಾ ಗಾಡಿ ಬಗ್ಗಿಸೀನಿ" ಎನ್ನುತ್ತಿದ್ದ. ನಂಬದವರನ್ನು ಗಾಡಿಯಲ್ಲಿ ಕೂರಿಸಿ, ಕೈಯಲ್ಲಿ ಲೋಟ ಹಿಡಿದು, ಒಂದು ಸುತ್ತು ಹೊಡೆಸುತ್ತಿದ್ದ. ಲೋಟ ಚೆಲ್ಲದಿದ್ದರೆ ಗಾಡಿ ಸುಖವಾಗಿದೆ ಎಂಬುದು ಅವನ ಲೆಕ್ಕ. ಲೋಟ ಯಾವಾಗಲೂ ಅವನ ಕೈಯಲ್ಲೇ, ಮುಂದಿನ ಸೀಟಿನಲ್ಲೇ ಇರುತ್ತಿತ್ತು.

ಅವನ ಮಗಳಿಗೆ ಗಂಡು ಗೊತ್ತಾಯಿತು. ಮದುವೆಯ ಜವಳಿ ತರಲು ಎರಡೂ ಮನೆಯ ಹಿರಿಯರು ಕೂಡಿ ಹೋಗುವುದು ಆ ಸೀಮೆಯ ಪದ್ಧತಿ. ಹೆಣ್ಣಿನ ಅಜ್ಜಿ ಮುಟ್ಟಿದ ಸೀರೆಯನ್ನೇ ಮೊದಲು ಕಟ್ಟಿಸಬೇಕು. ಹಾಗಾಗಿ ತಾಯಿಯೂ ಹೊರಟಳು. ಬೀಗರು ತಮ್ಮೂರಿನಿಂದ ನೇರವಾಗಿ ಬಸ್ಸಿನಲ್ಲಿ ಪಟ್ಟಣಕ್ಕೆ ಬಂದು ಅಂಗಡಿಯಲ್ಲಿ ಸೇರಿಕೊಂಡರು. ಜವಳಿ ಮುಗಿಯಿತು. ಹಂಡೆ, ಕೊಡ, ಪರಾತದ ಖರೀದಿಯೂ ಮುಗಿಯಿತು. ಊಟಕ್ಕೆ ವ್ಯಾಪಾರಿಯ ಮನೆಗೇ ಹೋಗುವುದೆಂದು ಮಾತಾಯಿತು. ಗಾಡಿ ಒಂದೇ.

ಬೀಗ, ಬೀಗಿತ್ತಿ, ಬೀಗನ ಅಣ್ಣ. ಮೂವರೂ ದಪ್ಪ ಆಳುಗಳು. ನಡುವಿನ ಸೀಟು ಅವರಿಗೇ ಸಾಲದು.

ತಾಯಿಯೇ ಮುಂದೆ ಬಂದು ಹೇಳಿದಳು:

"ನಾ ಹಿಂದ ಕುಂದರ್ತೀನಿ. ಬೀಗರನ್ನ ಹಿಂದ ಕುಂದರಿಸಿದರ ನಮ್ಮ ಮನಿತನಕ್ಕ ಏನಂತಾರ?"

ವ್ಯಾಪಾರಿಗೆ ಮೆಕ್ಯಾನಿಕನ ಮಾತು ನೆನಪಾಯಿತು. ಆದರೆ ಬೀಗರಿಗೆ ಹಿಂದೆ ಹೋಗಿ ಎನ್ನುವ ಬಾಯಿ ಅವನಿಗಿರಲಿಲ್ಲ. ತಾನೇ ಹಿಂದೆ ಹೋಗಬಹುದು ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಅವ್ವ ಹಗುರ ಜೀವ, ಏನಾದೀತು ಅಂದುಕೊಂಡ. ನಡುವಿನ ಸೀಟು ಮಡಚಿ ಅವಳನ್ನು ಕಡೆಯ ಸಾಲಿಗೆ ತೂರಿಸಿದರು. ಅವಳ ಪಕ್ಕಕ್ಕೆ, ಕಾಲ ಬುಡಕ್ಕೆ, ಬೆನ್ನ ಹಿಂದಕ್ಕೆ ಜವಳಿಯ ಗಂಟು ಮತ್ತು ಹಂಡೆಗಳನ್ನು ತುಂಬಿದರು. ಗಾಡಿಯ ಹಿಂಬದಿ ಕುಸಿಯಿತು.

"ಏನ್ರಿ ಬೀಗರ, ನಿಮ್ಮ ಗಾಡಿ ಗಬ್ಬದ ಎಮ್ಮಿ ಹಂಗ ಹೊಟ್ಟಿ ನೆಲಕ್ಕ ಹಚ್ಚೈತಲ್ಲ!" ಎಂದು ಬೀಗ ನಗೆಯಾಡಿದ.

"ನಗಬ್ಯಾಡ್ರಿ. ಅವ್ವನ ಸಲುವಾಗಿ ಬಗ್ಗಿಸಿದ ಗಾಡಿ ಅದು. ಮೆತ್ತಗ ಎಷ್ಟೈತಿ ನೋಡ್ರಿ ಈಗ" ಎಂದು ವ್ಯಾಪಾರಿ ಗೂಡಂಗಡಿಯಿಂದ ಲೋಟದ ತುಂಬ ಮಜ್ಜಿಗೆ ತರಿಸಿಕೊಂಡ. "ಒಂದು ಹನಿ ಚೆಲ್ಲಿದರ ಕೇಳ್ರಿ. ಜೋರ ಹೊಡಿಯೋ!"

ದಾರಿಯಲ್ಲಿ ಊರೂರಿಗೆ ರಸ್ತೆಯ ಉಬ್ಬು, ಹಂಪು. ಮೊದಲ ಹಂಪು ಬಂತು. ಗಾಡಿಯ ಮುಂಭಾಗ ಉಯ್ಯಾಲೆಯಂತೆ ಎದ್ದು ಇಳಿಯಿತು. ಹಿಂಭಾಗ ದಡ್ಡೆಂದು ಬಡಿಯಿತು.

"ಅವ್ವಾ, ಹಂಡೆ ಉರುಳಿತೇನು?"

"ಇಲ್ಲಪ್ಪಾ. ಹಿಡಕೊಂಡೀನಿ."

"ಖರೇನ ಚೆಲ್ಲಲಿಲ್ಲ ನೋಡ್ರಿ!" ಎಂದು ಬೀಗ ತೊಡೆ ತಟ್ಟಿದ.

ವ್ಯಾಪಾರಿ ಹಿಗ್ಗಿದ. ಡ್ರೈವರ್ ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿ ಏನೋ ಹೇಳಲು ಹೋದ. "ನೀ ಮುಂದ ನೋಡಿ ಹೊಡಿಯಪ್ಪಾ" ಎಂದು ವ್ಯಾಪಾರಿ ಅವನ ಬಾಯಿ ಮುಚ್ಚಿಸಿದ. ಇನ್ನೊಂದು ಊರು ಬಂತು, ಇನ್ನೊಂದು ಹಂಪು ಬಂತು. ಮತ್ತೆ ದಡ್ಡೆಂದಿತು. ವ್ಯಾಪಾರಿ ಲೋಟದ ಮೇಲಿನ ಕಣ್ಣು ತೆಗೆಯದೆ ಕೇಳಿದ:

"ಹೆಂಗೈತಿ ಅವ್ವಾ?"

ಉತ್ತರ ಬರುವುದು ತುಸು ತಡವಾಯಿತು.

"ಚಲೋ ಐತಪ್ಪಾ."

ಮನೆ ಮುಟ್ಟಿದರು. ಬೀಗರು ಇಳಿದರು. ಹಿಂದಿನ ಬಾಗಿಲು ತೆಗೆದು ಗಂಟುಗಳನ್ನು ಇಳಿಸಿದರು, ಹಂಡೆಗಳನ್ನು ಇಳಿಸಿದರು. ತಾಯಿ ಕುಳಿತೇ ಇದ್ದಳು.

"ಇಳಿಯವ್ವಾ, ಆರತಿ ತಂದಾರ."

"ತಡಿಯಪ್ಪಾ. ಕಾಲು ಎಲ್ಲಿ ಅದಾವ ಅಂತ ತಿಳಿವಲ್ದು."

ಡಾಕ್ಟರರು ನೋಡಿದರು. ಬೆನ್ನುಮೂಳೆ ಮೊದಲ ಪೆಟ್ಟಿಗೇ ಮುರಿದಿತ್ತು. ಅಲ್ಲಿಗೇ ಗಾಡಿ ನಿಲ್ಲಿಸಿ ಮಲಗಿಸಿ ತಂದಿದ್ದರೆ ಕಾಲಾದರೂ ಉಳಿಯುತ್ತಿದ್ದವೇನೋ, ಮಿಕ್ಕ ಪೆಟ್ಟುಗಳು ಅವನ್ನೂ ಉಳಿಸಲಿಲ್ಲ ಎಂದರು.

"ಯಾಕ ಒದರಲಿಲ್ಲವ್ವಾ?" ಎಂದು ಮಗ ಅವಳ ಕೈ ಹಿಡಿದು ಕೇಳಿದ.

"ನನ್ನ ಸಲುವಾಗಿ ಇಳಿಸಿದ ಗಾಡಿ" ಎಂದಳು ತಾಯಿ. "ಬೀಗರ ಮುಂದ ಹೆಂಗ ಒದರಲೋ?"

ಮದುವೆ ಗೊತ್ತಾದ ಮುಹೂರ್ತಕ್ಕೇ ಆಯಿತು. ಮದುಮಕ್ಕಳು ಒಳಕೋಣೆಗೆ ಬಂದು ಮಂಚದ ಕಾಲಿಗೆ ತಲೆಯಿಟ್ಟರು. ಅವಳು ಮಲಗಿದಲ್ಲಿಂದಲೇ ಅಕ್ಷತೆ ಹಾಕಿದಳು. ಬೆನ್ನು ಹುಣ್ಣಾಯಿತು, ಹುಣ್ಣು ಮಾಯಲಿಲ್ಲ. ಹೊಸ ಮೆಣಸಿನಕಾಯಿ ಪೇಟೆಗೆ ಬರುವ ಮೊದಲು ಅವಳು ತೀರಿಕೊಂಡಳು.

ಮಾತನಾಡಿಸಲು ಬಂದವರೆದುರು ವ್ಯಾಪಾರಿ ಅತ್ತ. ಆ ಅಳುವಿನಲ್ಲಿ ಕಪಟವಿರಲಿಲ್ಲ. ಅಳುತ್ತ ಅಳುತ್ತ ಎಲ್ಲರಿಗೂ ಒಂದೇ ಮಾತು ಹೇಳಿದ:

"ನನ್ನ ಕೈಯಾಗಿನ ಲೋಟ ಒಂದು ಹನಿ ಚೆಲ್ಲಲಿಲ್ಲರೀ. ಆಕಿಗೆ ಹೆಂಗ ಪೆಟ್ಟಾತು?"

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಮುರಿಗೆಪ್ಪ ನಿಟ್ಟುಸಿರು ಬಿಟ್ಟ. "ಎಂಥಾ ಕುರುಡ ಅಪ್ಪಾವ್ರ ಅವ! ಒಂದ ಸಲ ಹಿಂದಕ್ಕ ಹೊಳ್ಳಿ ನೋಡಲಿಲ್ಲಲ್ಲ" ಎಂದ. ಆಮೇಲೆ ತನ್ನ ಕೆಲಸ ನೆನಪಾಗಿ, ತಗ್ಗಿದ ದನಿಯಲ್ಲಿ ಕೇಳಿದ: "ಹಂಗಾದರ ನಾನು ಹುಣ್ಣಿಮಿಗೆ ಬರಲೇನ್ರಿ?"

ಗುರುಗಳು ಅವನ ಮುಖ ನೋಡಿದರು.

"ಪೆಟ್ಟು ಬಿತ್ತೋ ಇಲ್ಲವೋ ಎಂದು ಕೇಳಬೇಕು, ನಿನ್ನ ಹೆಂಡತಿಯನ್ನು ಒಮ್ಮೆ ಇಲ್ಲಿಗೆ ಕರೆದುಕೊಂಡು ಬಾ ಮುರಿಗೆಪ್ಪ."