ಬೇಡ ಅಂದ ಗಿಡಕ್ಕೆ ಆಕಾಶ ಬಣ್ಣ ಕೊಟ್ಟದ್ದು

ಲೋಕ ಇನ್ನೂ ಹೊಸದಾಗಿತ್ತು. ಆಕಾಶಕ್ಕೆ ಬಳಿದ ನೀಲಿ ಪೂರ್ತಿ ಆರಿರಲಿಲ್ಲ, ಬೆರಳಿಟ್ಟರೆ ಅಂಟುತ್ತಿತ್ತು. ಗಾಳಿ, ಜೇನು, ಗಿಡ, ಮನುಷ್ಯ ಎಲ್ಲರೂ ಒಂದೇ ಮಾತು ಆಡುತ್ತಿದ್ದ ಕಾಲ ಅದು.

ಒಂದು ದಿನ ಭೂಮಿತಾಯಿ ಗಿಡಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಜಾಗ ಹಂಚಿದಳು.

"ನನಗೆ ನೀರಿನ ದಡ ಬೇಕು" ಅಂದಿತು ಬಾಳೆ.

"ನನಗೆ ಯಾರದಾದರೂ ನೆರಳು ಬೇಕು" ಅಂದಿತು ವೀಳ್ಯದ ಬಳ್ಳಿ.

"ನನಗೆ ಮನೆಯ ಮುಂದಿನ ಅಂಗಳವೇ ಬೇಕು" ಅಂದಿತು ದಾಸವಾಳ.

ಸಾಲಿನ ಕೊನೆಯಲ್ಲಿ ಬೂದಿ ಬಣ್ಣದ ಒಂದು ಸಣಕಲು ಗಿಡ ನಿಂತಿತ್ತು. ಇವತ್ತು ನಾವು ರಷ್ಯನ್ ಸೇಜ್ ಅನ್ನುತ್ತೇವಲ್ಲ, ಅದೇ. ಆಗ ಅದಕ್ಕೆ ಹೆಸರೇ ಇರಲಿಲ್ಲ. ಅದರ ಸರದಿ ಬರುವಷ್ಟರಲ್ಲಿ ಉಳಿದಿದ್ದದ್ದು ಒಂದು ಕಲ್ಲುಗುಡ್ಡ ಮಾತ್ರ.

"ಇಷ್ಟೇ ಉಳಿದಿದೆ ಮಗಳೇ" ಅಂತ ಭೂಮಿತಾಯಿ ನೊಂದುಕೊಂಡಳು.

"ಬೇರೇನೂ ಬೇಡಮ್ಮ. ಬಿಸಿಲಿದೆಯಲ್ಲ" ಅಂದು ಗಿಡ ತನ್ನ ಪಾಡಿಗೆ ತಾನು ಗುಡ್ಡ ಹತ್ತಿಬಿಟ್ಟಿತು.

ಆ ಗುಡ್ಡದ ಬುಡದಲ್ಲಿ ಗುರವ್ವ ಅನ್ನುವ ಹುಡುಗಿ ಸೋದರತ್ತೆ ನಾಗಲವ್ವನ ಜೊತೆ ಇದ್ದಳು. ಗುರವ್ವನಿಗೆ ಮಾತು ಕಡಿಮೆ. ಐದು ಸಲ ಕೇಳಿದರೆ ಒಂದು ಸಲ ಉತ್ತರ, ಅದೂ ನೆಲ ನೋಡಿಕೊಂಡು. ಆದರೆ ಅವಳ ಕಣ್ಣು ತಪ್ಪಿಸಿ ಒಂದು ಇರುವೆಯೂ ಓಡಾಡುತ್ತಿರಲಿಲ್ಲ. ಹಾಗಾಗಿ ಗುಡ್ಡದ ಬಂಡೆಯ ಜೇನುಗಳು ಸುಸ್ತಾಗಿ ಹಾರುತ್ತಿದ್ದದ್ದನ್ನು ಮೊದಲು ಕಂಡವಳು ಅವಳೇ.

"ಬೇಸಿಗೆ ಬಂದರೆ ಇಲ್ಲಿ ಒಂದು ಹೂವೂ ಇರಲ್ಲ ಗುರವ್ವ" ಅಂದಳು ರಾಣಿಜೇನು. "ಮರಿಗಳು ಹಸಿದಿವೆ. ಎರಡು ಹುಣ್ಣಿಮೆ ಕಾಯ್ತೀವಿ. ಅಷ್ಟರಲ್ಲಿ ಹೂವು ಕಾಣದಿದ್ದರೆ ಈ ಗುಡ್ಡ ಬಿಡ್ತೀವಿ. ಮತ್ತೆ ಈ ಕಡೆ ಬರಲ್ಲ."

ಜೇನು ಹೋದರೆ ಸೋರೆಬಳ್ಳಿ ಕಾಯಿ ಕಟ್ಟದು, ಹುಚ್ಚೆಳ್ಳು ಕಾಳು ಹಿಡಿಯದು. ಊರು ಉಣ್ಣುವುದಾದರೂ ಏನನ್ನು? ಗುರವ್ವ ಗುಡ್ಡವೆಲ್ಲ ಹುಡುಕಿದಳು. ಆ ಉರಿಬಿಸಿಲಲ್ಲೂ ಬಾಡದೆ ನಿಂತಿದ್ದದ್ದು ಆ ಬೂದಿ ಗಿಡ ಒಂದೇ. ಜೋಪಾನ ಮಾಡಿದರೆ ಹೂ ಬಿಟ್ಟೀತು ಅಂದುಕೊಂಡು ಬೇರುಸಮೇತ ಕಿತ್ತು ಮನೆಗೆ ತಂದಳು.

ತಂದ ಗಿಡವನ್ನು ಎಲ್ಲಿ ನೆಡುವುದು? ಬಚ್ಚಲ ಹಿಂದೆ. ಮೀಯುವ ನೀರು ಹರಿದುಹೋಗುವ ಆ ಜಾಗದಲ್ಲಿ ಬಾಳೆ, ಕೆಸು, ತೊಂಡೆ ಏನು ನೆಟ್ಟರೂ ಸೊಕ್ಕಿ ಬೆಳೆಯುತ್ತಿದ್ದವು. ಗುರವ್ವ ಅಲ್ಲೇ ನೆಟ್ಟಳು. ಎರಡು ಬುಟ್ಟಿ ಸಗಣಿಗೊಬ್ಬರ ಸುರಿದಳು. ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ನೀರು ಹಾಕಿದಳು.

ಗಿಡ ಸರಸರ ಎತ್ತರಕ್ಕೆ ಬೆಳೆಯಿತು. ಬೆಳೆದು, ಒಂದು ದಿನ ಬಲಕ್ಕೆ ಮಲಗಿತು. ಗುರವ್ವ ಕೋಲು ಕೊಟ್ಟು ಕಟ್ಟಿದಳು. ಎಡಕ್ಕೆ ಮಲಗಿತು. ಮೊಗ್ಗಿನ ಸುಳಿವೇ ಇಲ್ಲ.

"ಏನೇ, ನಿನ್ನ ಗಿಡ ಉಂಡು ಮಲಗಿದೆಯಾ?" ಅಂತ ಪಕ್ಕದ ಮನೆಯ ಸಾವಂತ್ರವ್ವ ಬೇಲಿಯಾಚೆಯಿಂದ ಕೇಳಿದಳು. "ಒಂದು ದಿಂಬೂ ಕೊಟ್ಟುಬಿಡು."

ಗುರವ್ವ ನೆಲ ನೋಡಿದಳು. ನೆಲ ಕೊಚ್ಚೆಯಾಗಿತ್ತು. ಗಿಡದ ಬುಡ ಕಪ್ಪಾಗುತ್ತಿತ್ತು.

"ಉಸಿರು ಕಟ್ತಿದೆ ಗುರವ್ವ" ಅಂದಿತು ಗಿಡ. "ನನ್ನ ಬೇರಿಗೆ ಗಾಳಿ ಬೇಕು. ನನ್ನ ಕಲ್ಲಿಗೆ ನನ್ನನ್ನು ಬಿಡು. ಈ ಮೆತ್ತಗಿನ ಮೈಯನ್ನೂ ಕತ್ತರಿಸಿಬಿಡು."

ಆ ಹೊತ್ತಿಗೆ ಮೊದಲ ಹುಣ್ಣಿಮೆ ಹತ್ತಿರವಾಗಿತ್ತು. ಗುರವ್ವ ಗಿಡವನ್ನು ಗುಡ್ಡಕ್ಕೆ ಹೊತ್ತು, ನೀರು ನಿಲ್ಲದ ಇಳಿಜಾರಿನಲ್ಲಿ ಕಲ್ಲುಗಳ ನಡುವೆ ನೆಟ್ಟಳು. ಬೇರು ಹಿಡಿಯಲಿ ಅಂತ ಒಂದೇ ಒಂದು ಚೊಂಬು ನೀರು ಹಾಕಿದಳು. ಆಮೇಲೆ ಕುಡುಗೋಲು ಎತ್ತಿದಳು.

"ಬೆಳೆದದ್ದನ್ನ ಕೊಯ್ತೀಯಲ್ಲೇ" ಅಂತ ಜೊತೆಗೆ ಬಂದಿದ್ದ ನಾಗಲವ್ವ ಎದೆ ಹಿಡಿದುಕೊಂಡಳು.

"ಗಿಡವೇ ಹೇಳಿತು, ಅತ್ತೆ" ಅಂದಳು ಗುರವ್ವ. ಕಣ್ಣು ಮುಚ್ಚಿ ಒಂದು ಗೇಣು ಉಳಿಸಿ ಕೊಯ್ದಳು.

ಅಲ್ಲಿಂದ ಶುರುವಾಯಿತು ಕಷ್ಟದ ಕೆಲಸ. ಏನೂ ಮಾಡದೆ ಇರುವ ಕೆಲಸ.

ದಿನಾ ಬೆಳಿಗ್ಗೆ ಗುರವ್ವ ಕೊಡ ಹೊತ್ತು ಗುಡ್ಡ ಹತ್ತುವಳು. "ನೀರು ಹಾಕಲಾ?" ಅನ್ನುವಳು.

"ಬೇಡ" ಅನ್ನುವುದು ಗಿಡ.

"ಗೊಬ್ಬರ?"

"ಬೇಡ."

ಕೊಡ ತುಂಬಿದ್ದ ಹಾಗೇ ಇಳಿಯುವಳು. ಕೆಳಗೆ ಸಾವಂತ್ರವ್ವ ನಗುವಳು. ಒಂದು ವಾರ ಹೋಯಿತು. ಬುಡದಿಂದ ಹತ್ತು ಚಿಗುರು ಬಂದವು. "ನೀರು ಹಾಕಲಾ?" "ಬೇಡ." ಚಿಗುರುಗಳು ಕಡ್ಡಿಗಳಾದವು, ಬೆಳ್ಳಿಯ ತಂತಿಯ ಹಾಗೆ ನೆಟ್ಟಗೆ ನಿಂತವು. ಒಂದು ಮೇಕೆ ಬಂದು ಬಾಯಿ ಹಾಕಿ, ಘಾಟಿಗೆ ನಾಲ್ಕು ಸಲ ಸೀನಿ ವಾಪಸು ಹೋಯಿತು. "ನೀರು ಹಾಕಲಾ?" "ಬೇಡ ಅಂದೆನಲ್ಲ."

ಎರಡನೇ ಹುಣ್ಣಿಮೆಯ ದಿನ ಬೆಳಿಗ್ಗೆ ಗುರವ್ವ ಗುಡ್ಡ ಹತ್ತಿದಾಗ ಕಡ್ಡಿಯ ತುಂಬ ಹೂವು ಬಿಟ್ಟಿತ್ತು. ಆದರೆ ಹೂವೂ ಕಲ್ಲಿನ ಬಣ್ಣವೇ. ಬಂಡೆಯಿಂದ ಎದ್ದ ಜೇನುಗಳ ಹಿಂಡು ಅದರ ಮೇಲೇ ಹಾರಿ ಮುಂದೆ ಸಾಗಿತು. ಅವಕ್ಕೆ ಕಲ್ಲು ಯಾವುದು, ಹೂವು ಯಾವುದು ಅಂತ ಕಾಣಲೇ ಇಲ್ಲ.

ಇದನ್ನೆಲ್ಲ ಮೇಲಿನಿಂದ ನೋಡುತ್ತಿದ್ದ ಆಕಾಶ ಕೆಳಗೆ ಬಾಗಿತು. "ಬೆಳಗಾದರೆ ಎಲ್ಲರೂ ನನ್ನ ಹತ್ತಿರ ಏನಾದರೂ ಕೇಳ್ತಾರೆ. ಬಾಳೆ ಕೇಳ್ತದೆ, ನದಿ ಕೇಳ್ತದೆ, ಕಪ್ಪೆಯಂತೂ ಬಾಯಿ ಮುಚ್ಚಲ್ಲ. ಗಿಡವೇ, ನೀನು ಇವತ್ತಿನವರೆಗೂ ಏನೂ ಕೇಳಿಲ್ಲ. ನಿನಗೇನು ಬೇಕು?"

ಗಿಡ ಅಭ್ಯಾಸದಂತೆ "ಬೇಡ" ಅನ್ನಲು ಹೊರಟಿತು.

"ಅದು ಕೇಳಲ್ಲ" ಅಂದಳು ಗುರವ್ವ. ಅವಳ ದನಿ ಅವಳಿಗೇ ಹೊಸದಾಗಿತ್ತು. ಆದರೂ ಮುಖ ಎತ್ತಿ ಆಕಾಶವನ್ನೇ ನೋಡಿ ಹೇಳಿದಳು. "ಅದರ ಪರವಾಗಿ ನಾನು ಕೇಳ್ತೀನಿ. ಜೇನಿಗೆ ಕಾಣೋ ಹಾಗೆ ಮಾಡು."

ಆಕಾಶ ಇನ್ನೂ ಆರದ ತನ್ನ ಮೈಯನ್ನು ಗಿಡಕ್ಕೆ ಮೆಲ್ಲಗೆ ಒರೆಸಿತು. ಒಂದೊಂದು ಹೂವಿಗೂ ನೀಲಿ ಅಂಟಿತು. ದೂರದಿಂದ ನೋಡಿದರೆ ಗುಡ್ಡದ ಮೇಲೆ ನೀಲಿ ಮಂಜು ಕೂತ ಹಾಗೆ ಕಂಡಿತು. ರಾಣಿಜೇನು ಹಿಂತಿರುಗಿ ನೋಡಿದಳು. ಹಿಂಡಿಗೆ ಹಿಂಡೇ ಝೇಂಕರಿಸುತ್ತಾ ವಾಪಸು ಬಂತು.

ಊರೆಲ್ಲ ಗುಡ್ಡ ಹತ್ತಿತು. ಸಾವಂತ್ರವ್ವ ಎಲ್ಲರಿಗಿಂತ ಮುಂದೆ. "ಏನು ಹಾಕಿದೆಯೇ ಇದಕ್ಕೆ? ನಮಗೂ ಹೇಳು."

ಗುರವ್ವ ಗಿಡದಷ್ಟೇ ನೆಟ್ಟಗೆ ನಿಂತಿದ್ದಳು. "ಏನೂ ಹಾಕಿಲ್ಲ" ಅಂದಳು, ಕೊನೆಯಲ್ಲಿ ನಿಂತವರಿಗೂ ಕೇಳುವ ಹಾಗೆ.

ಅದಕ್ಕೇ ಮಗು, ಇವತ್ತಿಗೂ ರಷ್ಯನ್ ಸೇಜ್ ಗಿಡಕ್ಕೆ ನೀರು ಗೊಬ್ಬರ ಹೆಚ್ಚಾದರೆ ಅದು ಮಲಗಿಬಿಡುತ್ತದೆ, ಚಳಿ ಮುಗಿಯುವಾಗ ಗೇಣುದ್ದ ಉಳಿಸಿ ಕತ್ತರಿಸಿದರೆ ಮತ್ತಷ್ಟು ಒತ್ತಾಗಿ ಚಿಗುರುತ್ತದೆ, ಮತ್ತೆ ಸುಡುಬಿಸಿಲಲ್ಲಿ ಬೇರೆ ಗಿಡಗಳೆಲ್ಲ ತಲೆ ಬಾಗಿಸಿ ನಿಂತಿರುವಾಗ ತಾನೊಂದೇ ಮೈತುಂಬ ಆಕಾಶ ಹೊತ್ತು, ಜೇನುಗಳ ನಡುವೆ ನೆಟ್ಟಗೆ ನಿಂತಿರುತ್ತದೆ.